ಶೆಡ್ಡಿಗೆ ಹೀಟರ್ ಬೇಡ, ಬೆನ್ನಿಗೆ ಸಾಕು

ಪ್ರಶ್ನೆ: ಸರ್, ನಮ್ಮ ಮನೆ ಚಿತ್ರದುರ್ಗದಲ್ಲಿ. ಕಾರು ಮಾರಿದ ಮೇಲೆ ಅದರ ಶೆಡ್ಡನ್ನೇ ಮರಗೆಲಸದ ಜಾಗ ಮಾಡಿಕೊಂಡಿದ್ದೇನೆ. 12 ಅಡಿ ಅಗಲ, 20 ಅಡಿ ಉದ್ದ, ಮೇಲೆ ತಗಡಿನ ಶೀಟು, ಮುಂದೆ ರೋಲಿಂಗ್ ಶಟರ್. ನೌಕರಿ ಇರುವುದರಿಂದ ಬೆಳಿಗ್ಗೆ ಐದೂವರೆಯಿಂದ ಎಂಟೂವರೆವರೆಗೆ ಮಾತ್ರ ಬಿಡುವು. ಡಿಸೆಂಬರ್, ಜನವರಿಯಲ್ಲಿ ಬೆರಳು ಸೆಟೆದು ಉಳಿ ಹಿಡಿಯಲು ಆಗುವುದಿಲ್ಲ. ಅಪ್ಪನ ಮಾತು ಕೇಳಿ ಒಂದು ದಿನ ಇದ್ದಿಲಿನ ಅಗ್ಗಿಷ್ಟಿಕೆ ಒಳಗಿಟ್ಟು ಶಟರ್ ಎಳೆದುಕೊಂಡೆ. ಬೆಚ್ಚಗೇನೋ ಆಯಿತು, ಆದರೆ ಒಂದು ಗಂಟೆಯಲ್ಲಿ ತಲೆನೋವು, ಹೊಟ್ಟೆ ತೊಳಸಿದ ಹಾಗೆ. ಗೆಳೆಯ 2000 ವ್ಯಾಟ್ ಬ್ಲೋವರ್ ಹೀಟರ್ ತಗೋ ಅಂತಾನೆ. ಗೃಹಜ್ಯೋತಿ ಕೈತಪ್ಪುತ್ತದೇನೋ ಎಂದು ಹೆಂಡತಿಗೆ ಚಿಂತೆ. ಕಡಿಮೆ ಖರ್ಚಿನಲ್ಲಿ, ಅಪಾಯ ಇಲ್ಲದ ಹಾಗೆ ಏನು ಮಾಡಬಹುದು?

ಉತ್ತರ: ಮೊದಲು ಆ ತಲೆನೋವಿನ ವಿಷಯ. ಹೀಟರ್ ಮಾತು ಆಮೇಲೆ.

ನಿಮಗೆ ಆ ದಿನ ಆದದ್ದು ನಿದ್ದೆಗೆಟ್ಟ ತಲೆನೋವಲ್ಲ. ಇದ್ದಿಲು ಉರಿಯುವಾಗ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಕಟ್ಟಿಗೆಯಾದರೆ ಹೊಗೆ ಬಂದು ನಮ್ಮನ್ನು ಎಬ್ಬಿಸಿ ಹೊರಗೆ ಓಡಿಸುತ್ತದೆ. ಕೆಂಪಗೆ ನಿಗಿನಿಗಿ ಎನ್ನುವ ಕೆಂಡಕ್ಕೆ ಹೊಗೆಯೇ ಇಲ್ಲವಲ್ಲ, ಅದಕ್ಕೇ ಜನ ಅದನ್ನು ನಂಬುತ್ತಾರೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಈ ಅನಿಲವನ್ನು ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮೈಗೆ ಆಮ್ಲಜನಕ ಮಾತ್ರ ಮುಟ್ಟುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಆಮೇಲೆ ನಿದ್ದೆ ಎಳೆದ ಹಾಗೆ. ನೀವು ಎರಡನೇ ಮೆಟ್ಟಿಲಿಗೆ ಹೋಗಿ ವಾಪಸು ಬಂದಿದ್ದೀರಿ.

ಇನ್ನೊಂದು ಮಾತು ತಿಳಿದಿರಲಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮೋನಾಕ್ಸೈಡ್ ಹಿಡಿದ ರಕ್ತವೂ ಅದರ ಬೆಳಕಿಗೆ ಆಮ್ಲಜನಕ ತುಂಬಿದ ರಕ್ತದ ಹಾಗೇ ಕಾಣುತ್ತದೆ. 98 ತೋರಿಸುತ್ತಿದೆ, ಏನೂ ಆಗಿಲ್ಲ ಎಂದು ಮಲಗಿಬಿಡಬಾರದು. ಯಾರಿಗಾದರೂ ಹೀಗಾದರೆ ಮೊದಲು ಬಯಲಿಗೆ ಕರೆದುಕೊಂಡು ಬನ್ನಿ. ತಲೆಸುತ್ತು, ಎದೆನೋವು, ಮಂಕು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಇಟ್ಟಿದ್ದೆವು ಎಂದು ಬಾಯಿಬಿಟ್ಟು ಹೇಳಿ. ಆಗ ಅವರು ಆಮ್ಲಜನಕ ಕೊಡುತ್ತಾರೆ, ರಕ್ತದಲ್ಲಿ ಆ ಅನಿಲ ಎಷ್ಟಿದೆ ಎಂದು ನೋಡುತ್ತಾರೆ.

ಶಟರ್ ಕೆಳಗೆ ಸ್ವಲ್ಪ ಸಂದು ಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಈ ಅನಿಲ ನೆಲದಲ್ಲಿ ಕೂರುವುದಿಲ್ಲ. ಗಾಳಿಗಿಂತ ತುಸು ಹಗುರ, ಇಡೀ ಕೋಣೆಯ ತುಂಬ ಬೆರೆತುಕೊಳ್ಳುತ್ತದೆ. ಅದನ್ನು ಹೊರಗೆ ಹಾಕುವಷ್ಟು ಶಟರ್ ತೆಗೆದರೆ ಬಿಸಿಯೂ ಹೊರಗೇ ಹೋಗುತ್ತದೆ, ಅಲ್ವಾ?

ಅಪ್ಪನವರು "ನಮ್ಮ ಕಾಲದಲ್ಲಿ ಎಲ್ಲರ ಮನೆಯಲ್ಲೂ ಕೆಂಡ ಇರಲಿಲ್ಲವೇ" ಎಂದೇ ಎಂದಿರುತ್ತಾರೆ. ಇತ್ತು. ಆದರೆ ಮಾಳಿಗೆ ಮನೆಯಲ್ಲಿ ಗವಾಕ್ಷಿ ಇತ್ತು, ಹಂಚಿನ ಮನೆಯಲ್ಲಿ ಹಂಚು ಹಂಚಿನ ನಡುವೆ ಸಂದಿತ್ತು. ಮನೆಯೇ ಉಸಿರಾಡುತ್ತಿತ್ತು. ಅವರಿಗೆ ಅಗ್ಗಿಷ್ಟಿಕೆ ಬೇಕೇ ಬೇಕು ಎಂದಿದ್ದರೆ ಅಂಗಳದಲ್ಲಿ ಹಾಕಿಕೊಡಿ. ನೀವೂ ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಅವರ ಜೊತೆ ಕೈ ಕಾಯಿಸಿಕೊಂಡು ಬನ್ನಿ. ಬೂದಿ ಮುಚ್ಚಿದ ಕೆಂಡವನ್ನು ಆರಿದೆ ಎಂದುಕೊಂಡು ಒಳಗೆ ತರುವುದು ಮಾತ್ರ ಬೇಡ. ಬೂದಿಯ ಕೆಳಗೆ ಅದು ಗಂಟೆಗಟ್ಟಲೆ ಬದುಕಿರುತ್ತದೆ.

ಗ್ಯಾಸ್ ಹೀಟರ್ ನೀವು ಕೇಳಿಲ್ಲ. ಆದರೆ ನಾಳೆ ಇನ್ನೊಬ್ಬ ಗೆಳೆಯ ಅದನ್ನೇ ಹೇಳುತ್ತಾನೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಮುಚ್ಚಿದ ಕೋಣೆಯಲ್ಲಿ ಅದಕ್ಕೂ ಇದೇ ವಿಷಗಾಳಿಯ ಭಯ ಇದೆ. ಜೊತೆಗೆ ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಅದು ಹೋಗಿ ಕೂರುವುದು ನಿಮ್ಮ ತಣ್ಣನೆಯ ಉಳಿ, ಕೀಸುಳಿ, ಗರಗಸದ ಮೇಲೆ. ಒಂದು ವಾರದಲ್ಲಿ ತುಕ್ಕು. ಖರ್ಚಾದರೂ ಕಡಿಮೆಯೇ? 14.2 ಕಿಲೋ ಸಿಲಿಂಡರಿನಲ್ಲಿ ಇರುವ ಬಿಸಿ ಸುಮಾರು 180 ಯೂನಿಟ್ ಕರೆಂಟಿಗೆ ಸಮ. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ ಯೂನಿಟ್ಟಿಗೆ 5 ರೂಪಾಯಿ ಬಿತ್ತು. ಕರೆಂಟಿಗೆ ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಉಳಿಸಿದ್ದು ಎಷ್ಟು? ಮನೆಗೆ ಕೊಡುವ ಸಿಲಿಂಡರ್ ಅಡುಗೆಗೆ ಎಂದು ಕೊಡುವುದು, ಅದು ಬೇರೆ ಮಾತು.

ಈಗ ನಿಮ್ಮ ಶೆಡ್ಡಿಗೆ ಬರೋಣ. ನಾನು ದಾವಣಗೆರೆಯವನು. ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದ್ದೇನೆ, ಅದರಲ್ಲಿ ಕೋಳಿ ಫಾರಂಗಳೇ ಜಾಸ್ತಿ. ಒಂದು ದಿನದ ಮರಿ ಬಂದಾಗ ಅದಕ್ಕೆ ಮೊದಲ ವಾರ 35 ಡಿಗ್ರಿ ಹತ್ತಿರ ಬಿಸಿ ಬೇಕು. ಹಾಗಂತ ಫಾರಂನವರು ಇಡೀ ಶೆಡ್ ಬಿಸಿ ಮಾಡುತ್ತಾರಾ? ದಿವಾಳಿಯೇ. ತಗಡಿನಿಂದ ಒಂದು ಸುತ್ತು ಕಟ್ಟಿ, ಗಾಳಿ ತಡೆದು, ಮೇಲೆ ಬಲ್ಬು ಇಳಿಬಿಡುತ್ತಾರೆ. ಮರಿ ಬೆಚ್ಚಗೆ, ಶೆಡ್ ತಣ್ಣಗೆ. ನಿಮ್ಮ ಸಮಸ್ಯೆಗೂ ಇದೇ ಉತ್ತರ. ಬಿಸಿ ಮಾಡಬೇಕಾದ್ದು ಶೆಡ್ಡನ್ನಲ್ಲ, ನಿಮ್ಮನ್ನು. ಅದಕ್ಕೂ ಮೊದಲು ಗಾಳಿ ತಡೆಯಬೇಕು.

ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಶೆಡ್ 10 ಅಡಿ ಎತ್ತರ ಎಂದುಕೊಂಡರೆ ಒಳಗೆ 2400 ಘನ ಅಡಿ ಗಾಳಿ. ಅದರ ತೂಕ ಸುಮಾರು 80 ಕಿಲೋ. 14 ಡಿಗ್ರಿ ಇರುವ ಆ ಗಾಳಿಯನ್ನು 22ಕ್ಕೆ ಏರಿಸಲು ಬೇಕಾಗುವುದು ಒಂದು ಯೂನಿಟ್ಟಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಒಂದು ರೂಪಾಯಿ ಚಿಲ್ಲರೆ. ಇಷ್ಟೇನಾ ಎನಿಸುತ್ತದೆ. ಆದರೆ ಆ ಗಾಳಿ ಒಳಗೇ ಇದ್ದರೆ ತಾನೆ? ದುರ್ಗದ ಗಾಳಿ ನಿಮಗೇ ಗೊತ್ತು. ಸುಮ್ಮನೆ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆಯೇ! ಸಂದುಗಳಿರುವ ಶೆಡ್ಡಿನಲ್ಲಿ ಗಾಳಿ ಬೀಸುವ ದಿನ ಒಳಗಿನ ಗಾಳಿ ಗಂಟೆಗೆ ಹತ್ತು ಸಲ ಬದಲಾದರೂ ಆಶ್ಚರ್ಯವಿಲ್ಲ. ಹತ್ತು ಸಲ ಬದಲಾದರೆ ಗಂಟೆಗೆ 1.8 ಯೂನಿಟ್ ಬರೀ ಗಾಳಿಗೇ ಹೋಯಿತು. 240 ಚದರ ಅಡಿ ತಗಡಿನ ಶೀಟು ಇನ್ನೊಂದು ಸಾವಿರ ವ್ಯಾಟ್ ತಿನ್ನುತ್ತದೆ. ಗೋಡೆಗಳು ತಿನ್ನುವುದು ಬೇರೆ. ನಿಮ್ಮ ಗೆಳೆಯನ 2000 ವ್ಯಾಟ್ ಬ್ಲೋವರ್ ಇಲ್ಲಿ ಸೋಲುತ್ತದೆ. ಮೂರು ಗಂಟೆ ಉರಿಸಿ, ಎಂಟೂವರೆಗೆ ನೀವು ಸ್ನಾನಕ್ಕೆ ಹೊರಟಾಗ ಒಂದಿಷ್ಟು ಬೆಚ್ಚಗಾಗಿರುತ್ತದೆ, ಅಷ್ಟೆ.

ಹಾಗಾಗಿ ಮೊದಲ ಖರ್ಚು ಸಂದು ಮುಚ್ಚಲು. ಎಂಟು ಅಡಿ ಅಗಲದ ಶಟರ್ ಕೆಳಗೆ ಅರ್ಧ ಇಂಚು ಸಂದಿದ್ದರೆ ಅದು ಗೋಡೆಯಲ್ಲಿ ಏಳು ಇಂಚು ಉದ್ದ, ಏಳು ಇಂಚು ಅಗಲದ ತೂತು ಇಟ್ಟ ಹಾಗೆ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಲಾರಿ ಟ್ಯೂಬ್ ಸಿಗುತ್ತದೆ. ಅದನ್ನು ಪಟ್ಟಿಯಾಗಿ ಕತ್ತರಿಸಿ ಶಟರಿನ ಕೆಳಪಟ್ಟಿಗೆ ಬೋಲ್ಟ್ ಹಾಕಿ ಕೂರಿಸಿ. ನೆಲ ಏರುತಗ್ಗಿದ್ದರೂ ರಬ್ಬರ್ ಬಾಗಿ ಕೂರುತ್ತದೆ. ಅದಕ್ಕಿಂತ ದೊಡ್ಡ ಕಳ್ಳ ಮೇಲಿದ್ದಾನೆ. ಶಟರ್ ಸುತ್ತಿಕೊಳ್ಳುವ ಜಾಗದ ಸಂದನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೆಳಿಗ್ಗೆ ಒಂದು ಊದುಬತ್ತಿ ಹಚ್ಚಿಕೊಂಡು ಅಲ್ಲಿ ಹಿಡಿಯಿರಿ, ಹೊಗೆ ಯಾವ ಕಡೆ ಎಳೆಯುತ್ತದೆ ನೋಡಿ. ಹಾಗೇ ಶೀಟಿನ ಅಲೆ ಗೋಡೆಯ ಮೇಲೆ ಕೂರುವ ಕಡೆ ಸಾಲಾಗಿ ಸಣ್ಣ ಸಣ್ಣ ಬಾಯಿಗಳಿರುತ್ತವೆ. ಅವಕ್ಕೆ ಗಾರೆ ತುಂಬಿಸಿ. ಹತ್ತಿ, ಗೋಣಿ ತುರುಕಬೇಡಿ, ಇಲಿ ಬರುತ್ತದೆ, ಬೆಂಕಿಗೂ ದಾರಿ.

ಶಟರ್ ಒಳಗಡೆ ಒಂದು ಪರದೆ ಬೇಕು. ಇದಕ್ಕೆ ನನ್ನ ಆಯ್ಕೆ ಕಂಬಳಿ. ನಿಮ್ಮ ಪಕ್ಕದಲ್ಲೇ ಚಳ್ಳಕೆರೆ ಇದೆ, ಕುರಿ ಉಣ್ಣೆಯ ಕರಿ ಕಂಬಳಿಗೆ ಹೆಸರಾದ ಊರು. ಎರಡು ಕಂಬಳಿ ಜೋಡಿಸಿ ಹೊಲಿಸಿ, ಜಿಐ ಪೈಪಿಗೆ ಉಂಗುರ ಹಾಕಿ ನೆಲ ಮುಟ್ಟುವ ಹಾಗೆ ಇಳಿಬಿಡಿ. ಪ್ಲಾಸ್ಟಿಕ್ ತಾಡಪಾಲು ಅಗ್ಗ, ಆದರೆ ಕಿಡಿ ಬಿದ್ದರೆ ಕರಗಿ ಉರಿಯುತ್ತದೆ. ಗೋಣಿ ಅದಕ್ಕೂ ಬೇಗ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಕಿಡಿ ಬಿದ್ದರೆ ಕೂದಲು ಸುಟ್ಟ ವಾಸನೆ ಬಂದು ಅಲ್ಲೇ ಕಮರುತ್ತದೆ. ಆದರೂ ಹೀಟರಿನಿಂದ ದೂರವೇ ಇರಲಿ.

ಆಮೇಲೆ ಚಾವಣಿಯ ಮಾತು. ಬೆಳಗಿನ ಜಾವ ಬಯಲಲ್ಲಿ ನಿಲ್ಲಿಸಿದ ಕಾರಿನ ಮೇಲೆ ಇಬ್ಬನಿ ಹನಿಗಟ್ಟಿರುವುದನ್ನು ನೋಡಿರುತ್ತೀರಿ. ಆಕಾಶ ತಿಳಿಯಾಗಿರುವ ರಾತ್ರಿ ತಗಡು ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಿಮ್ಮ ಶೀಟೂ ಹಾಗೇ. ಅದರ ಕೆಳಗೆ ನಿಂತರೆ ನಿಮ್ಮ ತಲೆ, ಭುಜದ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಗಾಳಿ 16 ಡಿಗ್ರಿ ಇದ್ದರೂ ಅದಕ್ಕಿಂತ ಕಡಿಮೆ ಅನಿಸುವುದು ಇದಕ್ಕೇ. ಶೀಟಿನ ಕೆಳಗೆ ನಾಲ್ಕೈದು ಇಂಚು ಬಿಟ್ಟು ಒಂದು ಸೀಲಿಂಗ್ ಕಟ್ಟಿಸಿದರೆ ಈ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಸಿಮೆಂಟ್ ಬೋರ್ಡ್ ಅಥವಾ ಜಿಪ್ಸಂ ಬೋರ್ಡ್ ಆಗಲಿ. ಬರೀ ಥರ್ಮೋಕೋಲ್ ಅಂಟಿಸುವುದು ಬೇಡವೇ ಬೇಡ. ಅದು ಹೊತ್ತಿಕೊಂಡರೆ ಉರಿಯುವ ಹನಿಗಳಾಗಿ ತಲೆ ಮೇಲೆ ಬೀಳುತ್ತದೆ, ಕಪ್ಪು ಹೊಗೆ ಬೇರೆ.

ಎರಡು ತಿಂಗಳ ಚಳಿಗೆ ಸೀಲಿಂಗ್ ಖರ್ಚು ಯಾಕೆ ಎನ್ನಬಹುದು. ಚಳಿಗಲ್ಲ ಮಾರಾಯರೇ, ಏಪ್ರಿಲ್ಲಿಗೆ. ಬೇಸಿಗೆಯಲ್ಲಿ ದುರ್ಗದ ತಗಡಿನ ಕೆಳಗೆ ಯಾರು ಕೆಲಸ ಮಾಡುತ್ತಾರೆ? ಅದೇ ಸೀಲಿಂಗ್ ಆಗಲೂ ಕಾಯುತ್ತದೆ. ಹೀಟರ್ ವರ್ಷಕ್ಕೆ ಹತ್ತು ತಿಂಗಳು ಅಟ್ಟದ ಮೇಲೆ ಕೂರುತ್ತದೆ, ಸೀಲಿಂಗ್ ಹನ್ನೆರಡು ತಿಂಗಳೂ ದುಡಿಯುತ್ತದೆ. ಈ ವರ್ಷ ಕೈ ಬಿಗಿ ಇದ್ದರೆ ಕೆಲಸದ ಮೇಜಿನ ಮೇಲಿನ ಹತ್ತು ಅಡಿಗೆ ಮಾತ್ರ ಮಾಡಿಸಿ.

ಕಾಲಡಿ ಮರೆಯಬೇಡಿ. ಸಿಮೆಂಟ್ ನೆಲವೋ ಕಡಪ ಕಲ್ಲೋ, ಬೆಳಿಗ್ಗೆ ಅದರ ಮೇಲೆ ಮೂರು ಗಂಟೆ ನಿಂತರೆ ಚಳಿ ಕೆಳಗಿನಿಂದಲೇ ಏರುತ್ತದೆ. ನಿಲ್ಲುವ ಜಾಗಕ್ಕೆ ಹಳೆಯ ಪ್ಲೈವುಡ್ ತುಂಡು, ಅದರ ಮೇಲೆ ರಬ್ಬರ್ ಮ್ಯಾಟು, ಕಾಲಿಗೆ ಸಾಕ್ಸ್ ಮತ್ತು ಬೂಟು. ಇದು ಹೆಚ್ಚುಕಡಿಮೆ ಪುಕ್ಕಟೆ. ಮೈಗೆ ತೋಳಿಲ್ಲದ ಸ್ವೆಟರ್, ತಲೆಗೆ ಟೋಪಿ. ಶಾಲು ಹೊದ್ದು, ಮಫ್ಲರ್ ಇಳಿಬಿಟ್ಟುಕೊಂಡು ಯಂತ್ರದ ಹತ್ತಿರ ಹೋಗಬೇಡಿ. ಉಣ್ಣೆ ಕೈಗವಸು ಹಾಕಿಕೊಂಡು ಲೇತು, ಡ್ರಿಲ್ಲು, ಗರಗಸ ಮುಟ್ಟಲೇಬೇಡಿ. ತಿರುಗುವ ಯಂತ್ರ ಒಂದು ಎಳೆ ಹಿಡಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಹೀಟರಿಗಿಂತ ಇದೇ ನನಗೆ ಜಾಸ್ತಿ ಭಯ.

ಇಷ್ಟಾದ ಮೇಲೆ ಹೀಟರ್. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ಬ್ಲೋವರ್ ಗಾಳಿಯನ್ನು ಬಿಸಿ ಮಾಡಿ ಊದುತ್ತದೆ. ಮರದ ಹೊಟ್ಟು ಇರುವ ಕಡೆ ಅದು ಬೇಡ. ಹಿಂದಿನಿಂದ ಹೊಟ್ಟನ್ನು ಎಳೆದುಕೊಂಡು ಕೆಂಪು ಕಾಯಿಲಿಗೆ ಉಣಿಸುತ್ತದೆ. ಆಯಿಲ್ ತುಂಬಿದ ರೇಡಿಯೇಟರಿನಲ್ಲಿ ಕೆಂಪಗೆ ಕಾಯುವ ಭಾಗ ಹೊರಗಿಲ್ಲ, ಮೂರರಲ್ಲಿ ಬೆಂಕಿಯ ಭಯ ಕಡಿಮೆ ಅದಕ್ಕೇ. ಆದರೆ ನಿಧಾನ, ಬೆಲೆ ಜಾಸ್ತಿ, ಕೋಣೆ ಭದ್ರವಾಗಿ ಮುಚ್ಚಿದ್ದರೆ ಮಾತ್ರ ಉಪಯೋಗ. ಮೂರನೆಯದು ಹ್ಯಾಲೋಜನ್ ಅಥವಾ ಕ್ವಾರ್ಟ್ಸ್ ರಾಡಿನದು. ಅದು ಗಾಳಿಯನ್ನಲ್ಲ, ಎದುರಿಗಿರುವವರನ್ನು ಕಾಯಿಸುತ್ತದೆ, ಎಳೆ ಬಿಸಿಲಿನ ಹಾಗೆ. ಹಾಕಿದ ಒಂದು ನಿಮಿಷಕ್ಕೇ ಬೆನ್ನಿಗೆ ಗೊತ್ತಾಗುತ್ತದೆ. ನಿಮಗೆ ನಾನು ಹೇಳುವುದು ಇದನ್ನೇ. 400 ಮತ್ತು 800 ವ್ಯಾಟ್ ಎರಡು ಸ್ವಿಚ್ ಇರಲಿ, ಉರುಳಿ ಬಿದ್ದರೆ ತಾನೇ ಆರುವ ವ್ಯವಸ್ಥೆ ಇರಲಿ, ಐಎಸ್ಐ ಗುರುತು ಇರಲಿ.

ಆದರೆ ಇದಕ್ಕೆ ಶರತ್ತುಗಳಿವೆ. ನಿಮ್ಮ ಹಿಂದೆ ಮೂರು ನಾಲ್ಕು ಅಡಿ ದೂರದಲ್ಲಿ, ಬರಿಯ ಸಿಮೆಂಟ್ ನೆಲದ ಮೇಲೆ ಇಡಿ. ಸುತ್ತ ಮೂರು ಅಡಿ ಮರ, ಕೀಸಿದ ಚೂರು, ಪರದೆ, ಮ್ಯಾಟು ಏನೂ ಇರಬಾರದು. ಉಳಿ, ಕೀಸುಳಿ, ಗುರುತು ಹಾಕುವ ಕೈಕೆಲಸ ನಡೆಯುವಾಗ ಮಾತ್ರ ಅದು ಉರಿಯಲಿ. ಯಂತ್ರದ ಗರಗಸ, ರೌಟರ್, ಸ್ಯಾಂಡರ್ ಚಾಲೂ ಮಾಡುವ ಮುಂಚೆ ಆರಿಸಿ, ಹೊಟ್ಟು ಅಡಗಿದ ಮೇಲೆ ಗುಡಿಸಿ ಮತ್ತೆ ಹಾಕಿ. ಥಿನ್ನರ್, ಸ್ಪಿರಿಟ್ ಪಾಲಿಶ್ ಡಬ್ಬದ ಮುಚ್ಚಳ ತೆಗೆಯುವ ದಿನ ಯಾವ ಹೀಟರೂ ಬೇಡ, ಆಯಿಲ್ ರೇಡಿಯೇಟರ್ ಕೂಡ ಬೇಡ. ಬಿಸಿ ನೋಡಿಕೊಂಡು ತಾನೇ ಹಾಕಿ ಆರಿಸುವ ಅದರ ಥರ್ಮೋಸ್ಟಾಟ್ ಟಕ್ ಎಂದಾಗ ಒಳಗೆ ಹಾರುವ ಕಿಡಿ ಸಾಕು. ಥಿನ್ನರಿನಲ್ಲಿರುವ ಟಾಲೀನ್ 4 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಿಮ್ಮ ಜನವರಿ ಚಳಿ ಅದಕ್ಕೆ ಚಳಿಯೇ ಅಲ್ಲ.

ಖರ್ಚಿನ ಲೆಕ್ಕ ಹೀಗೆ. ಮೊದಲ ಒಂದು ಗಂಟೆ 800 ವ್ಯಾಟ್, ಉಳಿದ ಎರಡು ಗಂಟೆ 400 ವ್ಯಾಟ್. ದಿನಕ್ಕೆ 1.6 ಯೂನಿಟ್, ತಿಂಗಳಿಗೆ 25 ದಿನ ಕೆಲಸ ಮಾಡಿದರೆ 40 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 240 ರೂಪಾಯಿ. ಗೆಳೆಯನ ಬ್ಲೋವರ್ ಆದರೆ ದಿನಕ್ಕೆ 6, ತಿಂಗಳಿಗೆ 150 ಯೂನಿಟ್, 900 ರೂಪಾಯಿ. ಆದರೆ ನಿಜವಾದ ಪೆಟ್ಟು ನಿಮ್ಮ ಮನೆಯವರು ಹೇಳಿದ ಕಡೆ ಇದೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಮಿತಿ 110 ಯೂನಿಟ್, ಈಗ ಅಷ್ಟೇ ಬಳಸುತ್ತಿದ್ದೀರಿ ಎಂದುಕೊಳ್ಳಿ. ಹ್ಯಾಲೋಜನ್ ಸೇರಿ 150 ಆದರೆ ಮಿತಿ ದಾಟಿದ 40 ಯೂನಿಟ್ಟಿಗೆ ಮಾತ್ರ ದುಡ್ಡು. ಬ್ಲೋವರ್ ಸೇರಿ 260 ಆದರೆ 200 ದಾಟಿತು, ಆ ತಿಂಗಳು ಪೂರ್ತಿ 260 ಯೂನಿಟ್ಟಿಗೂ ಬಿಲ್. 1500 ರೂಪಾಯಿ ಮೇಲೆಯೇ ಬರುತ್ತದೆ. ಮನೆಯವರ ಲೆಕ್ಕ ಗೆಳೆಯನ ಲೆಕ್ಕಕ್ಕಿಂತ ಗಟ್ಟಿಯಾಗಿದೆ.

ವೈರಿಂಗ್ ಮಾತು ನನ್ನ ಕಸುಬಿನದು, ಸ್ವಲ್ಪ ಸಹಿಸಿಕೊಳ್ಳಿ. ಕಾರ್ ಶೆಡ್ಡಿಗೆ ಸಾಮಾನ್ಯವಾಗಿ ಒಂದು ಟ್ಯೂಬ್‌ಲೈಟ್, ಒಂದು 5 ಆಂಪ್ ಸಾಕೆಟ್ಟಿಗೆ ಆಗುವಷ್ಟು ತೆಳು ವೈರು ಎಳೆದಿರುತ್ತಾರೆ. ಅದರಲ್ಲೇ ಹೀಟರ್, ಅದರಲ್ಲೇ ಗರಗಸ ಎಂದರೆ ವೈರು ಗೋಡೆಯೊಳಗೇ ಬೇಯುತ್ತದೆ. ನಾನೂ ಒಮ್ಮೆ ಬುದ್ಧಿ ಕಲಿತಿದ್ದೇನೆ. ಒಂದು ಚಳಿಗಾಲ ನನ್ನದೇ ಶೆಡ್ಡಿನಲ್ಲಿ, ಸಂತೆಯಲ್ಲಿ ಕೊಂಡ ಹೆಸರಿಲ್ಲದ ಎಕ್ಸ್‌ಟೆನ್ಷನ್ ಬೋರ್ಡಿಗೆ 1200 ವ್ಯಾಟ್ ಹೀಟರ್ ಸಿಕ್ಕಿಸಿ ಚಹಾ ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಬೋರ್ಡ್ ಬೆಲ್ಲದ ಹಾಗೆ ಕರಗಿ ನೆಲಕ್ಕೆ ಅಂಟಿತ್ತು, ಪಿನ್ ಎಳೆದರೂ ಬರಲಿಲ್ಲ. ಊರಿಗೆಲ್ಲ ವೈರಿಂಗ್ ಮಾಡುವವನ ಮನೆಯ ಕಥೆ ಇದು.

ಮುಖ್ಯ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಗೀಸರಿಗೆ ಹಾಕುವಂಥ 16 ಆಂಪ್ ಪವರ್ ಸಾಕೆಟ್ಟು, 16 ಆಂಪ್ ಎಂಸಿಬಿ, ಜೊತೆಗೆ 30 ಮಿಲಿ ಆಂಪಿನ ಆರ್‌ಸಿಸಿಬಿ. ಎರಡೂ ಬೇಕು. ಲೋಡ್ ಜಾಸ್ತಿಯಾದರೆ ಎಂಸಿಬಿ ತಾನೇ ಕರೆಂಟ್ ಕಡಿದು ವೈರನ್ನು ಕಾಯುತ್ತದೆ, ಕರೆಂಟ್ ಸೋರಿ ಮೈಗೆ ಹೊಡೆದರೆ ಆರ್‌ಸಿಸಿಬಿ ಕಡಿದು ನಿಮ್ಮನ್ನು ಕಾಯುತ್ತದೆ. ಅರ್ತಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ ನೋಡಿ, ಇದೆ ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಹೀಟರಿಗೂ ಯಂತ್ರಕ್ಕೂ ಬೇರೆ ಬೇರೆ ಸಾಕೆಟ್ಟು. ಶಟರ್ ಎಳೆದು ಹೊರಡುವಾಗ ಪ್ಲಗ್ ಕಿತ್ತೇ ಹೋಗಿ.

ಅಂಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಫೆವಿಕಾಲ್ ಥರದ ಬಿಳಿ ಅಂಟು ತಣ್ಣಗಿದ್ದಷ್ಟೂ ನಿಧಾನ. 10 ಡಿಗ್ರಿಗಿಂತ ಕೆಳಗೆ ಹೋದರೆ ಅದು ಪದರವೇ ಕಟ್ಟದೆ ಸೀಮೆಸುಣ್ಣದ ಪುಡಿಯ ಹಾಗೆ ಆಗಬಹುದು. ದುರ್ಗದಲ್ಲಿ ಅಷ್ಟು ಕೆಳಗೆ ಹೋಗುವುದು ಅಪರೂಪ. ಅರಾಲ್ಡೈಟ್ ಥರದ ಎಪಾಕ್ಸಿ ಹತ್ತು ಡಿಗ್ರಿ ಇಳಿದರೆ ಗಟ್ಟಿಯಾಗಲು ಸುಮಾರು ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಇದಕ್ಕಾಗಿ ಶೆಡ್ ಬಿಸಿ ಮಾಡಬೇಕಿಲ್ಲ. ಅಂಟಿನ ಡಬ್ಬ ರಾತ್ರಿ ಮನೆಯೊಳಗೆ ಇರಲಿ, ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನ ಚೊಂಬಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ಕ್ಲ್ಯಾಂಪ್ ಹಾಕಿದ ಸಣ್ಣ ಕೆಲಸವಾದರೆ ಎತ್ತಿ ಮನೆಯೊಳಗೆ ತಂದಿಡಿ. ದೊಡ್ಡ ಜೋಡಣೆ, ಪಾಲಿಶ್ ಎಲ್ಲ ಭಾನುವಾರ ಮಧ್ಯಾಹ್ನಕ್ಕೆ ಬಿಡಿ. ಆಗ ಹೊರಗೆ 28 ಡಿಗ್ರಿ ಆಸುಪಾಸು ಇರುತ್ತದೆ, ಶಟರ್ ಪೂರ್ತಿ ತೆಗೆದು ಮಾಡಬಹುದು. ಇಬ್ಬನಿ ಬಿದ್ದ ಬೆಳಿಗ್ಗೆ ಲ್ಯಾಕರ್ ಹೊಡೆದರೆ ಅದು ತೇವ ಹಿಡಿದು ಬೆಳ್ಳಗಾಗುತ್ತದೆ, ಎಲ್ಲ ಉಜ್ಜಿ ಮತ್ತೆ ಮೊದಲಿನಿಂದ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗೇ ಕಾದು ಹೊತ್ತಿಕೊಳ್ಳುತ್ತದೆ. ನೀರಿನ ಬಕೆಟ್ಟಿಗೆ ಹಾಕಿ. ಬಾಗಿಲ ಹತ್ತಿರ ಎಬಿಸಿ ಪೌಡರಿನ ಅಗ್ನಿಶಾಮಕ ಒಂದು ನೇತಾಡಲಿ.

ಸಮಯವನ್ನೂ ಸ್ವಲ್ಪ ಹೊಂದಿಸಿಕೊಳ್ಳಿ. ಐದೂವರೆಯಿಂದ ಏಳರವರೆಗೆ ಕೈಕೆಲಸ, ಬೆನ್ನ ಹಿಂದೆ ಹ್ಯಾಲೋಜನ್. ಏಳು ಏಳೂಕಾಲಿಗೆ ಬಿಸಿಲು ಬರುತ್ತದೆ. ಶೆಡ್ಡಿನ ಬಾಯಿ ಪೂರ್ವಕ್ಕಿದ್ದರೆ ಕಂಬಳಿ ಸರಿಸಿ, ಶಟರ್ ಮೇಲೆತ್ತಿ, ಹೀಟರ್ ಆರಿಸಿ, ಯಂತ್ರ ಶುರು ಮಾಡಿ. ಹೊಟ್ಟು ಹೊರಗೆ ಹೋಗುತ್ತದೆ, ಬಿಸಿಲು ಪುಕ್ಕಟೆ. ಕತ್ತಲಲ್ಲೇ ಗರಗಸ ಹಾಕಿ ಎಬ್ಬಿಸಿದ್ದಕ್ಕೆ ಪಕ್ಕದ ಮನೆಯವರು ಇಷ್ಟು ದಿನ ಏನೂ ಅಂದಿಲ್ಲವಾದರೆ, ಅವರು ಒಳ್ಳೆಯವರು.